ತಲೆಕೆಳಗಾಗಿ ನಿಂತ ಪುಸ್ತಕ

ನನ್ನ ಕಪಾಟಿನ ಮೇಲಿನ ಸಾಲಿನಲ್ಲಿ ಒಂದು ದಪ್ಪ ಪುಸ್ತಕ ತಲೆಕೆಳಗಾಗಿ ನಿಂತಿದೆ. ಮನೆಗೆ ಬಂದವರಲ್ಲಿ ಶಿಸ್ತಿನವರು ಯಾರಾದರೂ ಇದ್ದರೆ ಅದನ್ನು ನೆಟ್ಟಗೆ ಮಾಡಿ ಇಡುತ್ತಾರೆ. ಅವರು ಹೋದ ಮೇಲೆ ನಾನು ಮತ್ತೆ ತಿರುಗಿಸುತ್ತೇನೆ.

ಅದು ಸೈಲಸ್ ವೆಂಟ್ನರ್ ಎಂಬ ಅಮೆರಿಕನ್ ಕಾದಂಬರಿಕಾರನ ಜೀವನಚರಿತ್ರೆ. ಬರೆದವಳು ಲೋಯಿಸ್ ಪ್ರೆಂಟಿಸ್, ಅವಳೂ ಆ ದೇಶದವಳೇ. ಬರೆಯುವವರ ಬದುಕನ್ನು ಬರೆಯುವುದರಲ್ಲೇ ತನ್ನ ಬದುಕನ್ನು ಸವೆಸಿದವಳು. ಇದಕ್ಕೆ ಕೈಹಾಕುವ ಮೊದಲೇ ಮೂವರು ಕವಿಗಳ ಚರಿತ್ರೆ ಬರೆದು ಹೆಸರು ಮಾಡಿದ್ದಳು. ಆಕೆ ನಮ್ಮ ಊರಿಗೆ ಬಂದದ್ದು ನನ್ನ ತಂದೆಯಿಂದಾಗಿ. ಹೈಸ್ಕೂಲಿನ ಹೆಡ್‌ಮಾಸ್ತರರಾಗಿದ್ದ ಅಪ್ಪನಿಗೂ ವೆಂಟ್ನರನಿಗೂ ಹದಿನಾಲ್ಕು ವರ್ಷ ಕಾಗದದ ಗೆಳೆತನವಿತ್ತು. ತನ್ನ ಕೊನೆಯ ಕಾದಂಬರಿ ಆ ಕಾಗದಗಳಿಂದಲೇ ಹುಟ್ಟಿತೆಂದು ಆತ ಬಾಯಿತುಂಬ ಹೇಳಿ, ಅದನ್ನು ಅಪ್ಪನಿಗೇ ಅರ್ಪಿಸಿದ್ದ. ಪ್ರೆಂಟಿಸ್ ಬರುವ ಹೊತ್ತಿಗೆ ಇಬ್ಬರೂ ತೀರಿಕೊಂಡಿದ್ದರು. ಮನೆಯಲ್ಲಿ ಉಳಿದಿದ್ದವರು ನಾನು ಮತ್ತು ಅಪ್ಪನ ತಂಗಿ ತುಂಗತ್ತೆ. ಮದುವೆಯಾದ ವರ್ಷದಲ್ಲೇ ಗಂಡನನ್ನು ಕಳೆದುಕೊಂಡು ಅಣ್ಣನ ಮನೆ ಸೇರಿದವಳು ಅವಳು.

ಪ್ರೆಂಟಿಸಳ ಕೆಲಸದ ಕ್ರಮವೇ ವಿಚಿತ್ರ. ಒಂದೊಂದು ಸಂಗತಿಗೆ ಒಂದೊಂದು ಕಾರ್ಡು. ಒಬ್ಬರೇ ಹೇಳಿದ ಮಾತಾದರೆ ಆ ಕಾರ್ಡನ್ನು ಮರದ ಪೆಟ್ಟಿಗೆಯಲ್ಲಿ ತಲೆಕೆಳಗಾಗಿ ನಿಲ್ಲಿಸುತ್ತಿದ್ದಳು. ಇನ್ನೊಬ್ಬರು ಹೌದೆಂದ ಮೇಲಷ್ಟೇ ಅದು ನೆಟ್ಟಗಾಗುತ್ತಿತ್ತು. "ತಲೆಕೆಳಗಿರುವುದೆಲ್ಲ ಸುಳ್ಳಲ್ಲ. ಪಾಪ, ಸಾಕ್ಷಿಗಾಗಿ ಕಾಯುತ್ತಿವೆ" ಎಂದಳು ಇಂಗ್ಲಿಷಿನಲ್ಲಿ. ನಾನು ಅದನ್ನು ಕನ್ನಡಕ್ಕೆ ತಿರುಗಿಸುವ ಮೊದಲೇ ಬಾಗಿಲ ಬಳಿ ಕೂತಿದ್ದ ತುಂಗತ್ತೆ ನಕ್ಕಳು. ಪ್ರೆಂಟಿಸ್ ಅದನ್ನು ಗಮನಿಸಲಿಲ್ಲ.

ಅತ್ತೆ ಮೂರು ದಿನ ಬಾಗಿಲ ಬಳಿಯೇ ಕೂತು ಕೇಳಿಸಿಕೊಂಡಳು. ನಾಲ್ಕನೆಯ ದಿನ ಬೆಳಿಗ್ಗೆ ಪ್ರೆಂಟಿಸ್, ವೆಂಟ್ನರನ ಮನೆಯಿಂದ ತಂದಿದ್ದ, ಅಪ್ಪನ ರುಜುವಿದ್ದ ಒಂದು ಕಾಗದವನ್ನು ಗಟ್ಟಿಯಾಗಿ ಓದಿದಳು. ನಮ್ಮ ಬಾವಿಕಟ್ಟೆಯ ಕಲ್ಲಿನಲ್ಲಿ ಹಗ್ಗ ಕೊರೆದ ಗೆರೆಗಳ ವರ್ಣನೆ. ಎಷ್ಟು ಹೆಂಗಸರು ನೀರು ಸೇದಿ ಸತ್ತರೆಂದು ಊರು ಮರೆತಿದೆ, ಕಲ್ಲು ಮರೆತಿಲ್ಲ ಎಂಬ ಮಾತು. ವೆಂಟ್ನರ್ ಅದನ್ನು ಹಾಗೆಯೇ ಎತ್ತಿ ಕಾದಂಬರಿಯ ಮೊದಲ ಪುಟದಲ್ಲಿಟ್ಟಿದ್ದ. "ಗಂಡಸೊಬ್ಬನಿಗೆ ಇದು ಹೇಗೆ ಹೊಳೆಯಿತೋ!" ಎಂದು ಆಕೆ ಬೆರಗಾದಳು.

ಅತ್ತೆ ಎದ್ದು ನಿಂತಳು. "ಅದು ನಾನು ಬರೆದದ್ದು ಕಣೋ. ಅದೊಂದೇ ಅಲ್ಲ, ಎಲ್ಲಾ ನಂದೇ. ಅಣ್ಣ ನಕಲು ಮಾಡಿ ರುಜು ಹಾಕ್ತಿದ್ದ. ಹೇಳು ಆಯಮ್ಮನಿಗೆ."

ಅದು ನಿಜ. ನಾನು ನೋಡುತ್ತಲೇ ಬೆಳೆದವನು. ಅಪ್ಪನ ಶಾಲೆಯ ಪುಸ್ತಕಗಳಿಂದ ಕಣ್ಣಿನಲ್ಲೇ ಇಂಗ್ಲಿಷ್ ಕಲಿತ ಅತ್ತೆ, ಮಧ್ಯಾಹ್ನದ ಊಟವಾದ ಮೇಲೆ ಹಳೆಯ ಕ್ಯಾಲೆಂಡರ್ ಹಾಳೆಗಳ ಬೆನ್ನಿಗೆ ಪೆನ್ಸಿಲಿನಲ್ಲಿ ಬರೆಯುತ್ತಿದ್ದಳು. ಅಪ್ಪ ತಮ್ಮ ದುಂಡು ಅಕ್ಷರದಲ್ಲಿ ನಕಲು ಮಾಡುತ್ತಿದ್ದರು. ಹಾಳೆಗಳು ಬಚ್ಚಲೊಲೆಗೆ ಹೋಗುತ್ತಿದ್ದವು. ಗಂಡ ಸತ್ತವಳು ಪರದೇಶದ ಗಂಡಸಿಗೆ ಕಾಗದ ಬರೆದರೆ ಊರು ಏನಂದೀತು ಎಂಬುದು ಮೊದಲಿನ ನೆಪ. ಆಮೇಲೆ ಹೊಗಳಿಕೆಯ ರುಚಿ ಹತ್ತಿತು, ನೆಪವೂ ಬೇಕಾಗಲಿಲ್ಲ. ಇಷ್ಟೆಲ್ಲ ಬರೆದವಳು ಒಂದು ಇಂಗ್ಲಿಷ್ ಪದವನ್ನೂ ಬಾಯಿಬಿಟ್ಟು ಆಡಿದವಳಲ್ಲ. ಉಚ್ಚಾರ ತಪ್ಪಿ ನಗೆಪಾಟಲಾದರೆ ಎಂಬ ನಾಚಿಕೆ.

ಆದರೆ ಹಿಂದಿನ ವಾರವಷ್ಟೇ ನನಗೆ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕನ ಕೆಲಸ ಸಿಕ್ಕಿತ್ತು. "ವೆಂಟ್ನರನ ಗೆಳೆಯರ ಮಗ ಅಂದ ಮೇಲೆ ಬೇರೆ ಅರ್ಹತೆ ಯಾಕ್ರೀ?" ಎಂದು ಪ್ರಿನ್ಸಿಪಾಲರು ಬೆನ್ನು ತಟ್ಟಿದ್ದರು.

ಪ್ರೆಂಟಿಸ್ ಪೆನ್ನು ಹಿಡಿದು ಕಾಯುತ್ತಿದ್ದಳು. "ಕಾಗದಗಳನ್ನೆಲ್ಲ ಅಂಚೆಗೆ ಹಾಕುತ್ತಿದ್ದವಳು ತಾನೇ ಅನ್ನುತ್ತಿದ್ದಾಳೆ" ಎಂದೆ, ಇಂಗ್ಲಿಷಿನಲ್ಲಿ.

ಒಂದೊಂದು ಪದವೂ ಅತ್ತೆಗೆ ಅರ್ಥವಾಯಿತು. ಅರ್ಥವಾಗುತ್ತದೆಂದು ಗೊತ್ತಿದ್ದೇ ನಾನು ಹೇಳಿದ್ದೆ. ಅವಳ ತುಟಿ ತೆರೆಯಿತು. 'ನೋ' ಎಂಬ ಒಂದೇ ಮಾತು ಸಾಕಿತ್ತು. ಪ್ರೆಂಟಿಸ್ ನನ್ನ ಮಾತನ್ನು ಬರೆದುಕೊಂಡು, ಕಾರ್ಡನ್ನು ತಲೆಕೆಳಗು ಮಾಡಿ, "ನೀವೂ ನೋಡಿದ್ದೀರಾ?" ಎಂದು ನನ್ನನ್ನು ಕೇಳಿದಳು.

"ನೋಡಿದ್ದೇನೆ" ಎಂದೆ. ಕಾರ್ಡು ನೆಟ್ಟಗಾಯಿತು.

"ಕಾಫಿ ತರ್ತೀನಿ" ಎಂದು ಅತ್ತೆ ಒಳಗೆ ಹೋದಳು.

ಪ್ರೆಂಟಿಸ್ ಊರು ಬಿಟ್ಟ ದಿನ, ನಾಚಿಕೆಗೆಟ್ಟವನು, ಅತ್ತೆಯನ್ನೇ ಕೇಳಿದೆ: "ಅಲ್ಲತ್ತೆ, ನೀನೇ ಯಾಕೆ ಬಾಯಿ ಬಿಡಲಿಲ್ಲ?"

"ನಾನೊಬ್ಬಳು ಹೇಳಿದ್ರೆ ಕಾರ್ಡು ತಲೆಕೆಳಗೇ ಇರ್ತಿತ್ತು. ನೆಟ್ಟಗೆ ಮಾಡಬೇಕಾಗಿದ್ದವನು ನೀನು" ಎಂದಳು. ಆಮೇಲೆ ಆ ಮಾತೆತ್ತಲಿಲ್ಲ. ಬೈದಿದ್ದರೆ ನಾನು ಬದುಕುತ್ತಿದ್ದೆ.

ಎರಡು ವರ್ಷದ ಮೇಲೆ ಪುಸ್ತಕ ಬಂತು. ಅತ್ತೆ ಭೂತಗನ್ನಡಿ ಹಿಡಿದು ವಾರವಿಡೀ ಓದಿದಳು. ಅಪ್ಪನಿಗೆ ಒಂದು ಇಡೀ ಅಧ್ಯಾಯ, ನನಗೆ ಕೃತಜ್ಞತೆಯಲ್ಲಿ ಎರಡು ಸಾಲು. ಕೊನೆಗೆ ಒಂದು ಅಡಿಟಿಪ್ಪಣಿ: ಕಾಗದಗಳನ್ನು ಅಂಚೆಗೆ ಹಾಕುತ್ತಿದ್ದುದು ಮನೆಯಲ್ಲಿದ್ದ ಒಬ್ಬ ವಿಧವೆ.

"ಹೆಸರೂ ಹಾಕಿಲ್ಲ ನೋಡು. ಅಂಚೆ ಡಬ್ಬಿಗಾದರೂ ಒಂದು ನಂಬರಿರತ್ತೆ" ಎಂದು ನಕ್ಕಳು. ಎದ್ದು ಹೋಗಿ ಪುಸ್ತಕವನ್ನು ಕಪಾಟಿನಲ್ಲಿ ತಲೆಕೆಳಗಾಗಿ ನಿಲ್ಲಿಸಿದಳು.

ಅವಳು ಬದುಕಿದ್ದಷ್ಟು ದಿನ ನನಗೆ ಧೈರ್ಯ ಬರಲಿಲ್ಲ. ಅವಳು ಹೋದ ಮೇಲೆ, ಯಾರಿಗೂ ಉಪಯೋಗವಿಲ್ಲದ ಹೊತ್ತಿನಲ್ಲಿ, ಎಲ್ಲವನ್ನೂ ಪ್ರೆಂಟಿಸಳಿಗೆ ಬರೆದೆ. ಆಕೆ ತೀರಿಕೊಂಡು ಒಂದು ವರ್ಷವಾಯಿತೆಂದು ಪ್ರಕಾಶಕರ ಉತ್ತರ ಬಂತು. ಈಗ ಇದನ್ನು ಬಲ್ಲವನು ನಾನೊಬ್ಬನೇ; ಪ್ರೆಂಟಿಸಳ ಕ್ರಮದಲ್ಲಿ ಒಬ್ಬನ ಸಾಕ್ಷಿ ಸಾಲದು.

ಮೊನ್ನೆ ಕಾಲೇಜಿನ ಹೊಸ ಅಧ್ಯಾಪಕಿ ಬಂದಿದ್ದಳು. "ಸಾರ್, ಇದು ತಲೆಕೆಳಗಾಗಿದೆ" ಎಂದು ಕೈ ಚಾಚಿದಳು. "ಇರಲಿ ಬಿಡಮ್ಮಾ, ಅದು ಕಾಯುತ್ತಿದೆ" ಎಂದೆ. ಆಕೆಗೆ ಅರ್ಥವಾಗಲಿಲ್ಲ, ಆದರೂ ಕೈ ಹಿಂದಕ್ಕೆ ತೆಗೆದುಕೊಂಡಳು. ಪುಸ್ತಕ ಹಾಗೆಯೇ ನಿಂತಿತು.