ಸಾಂಬಾರ್ ಪುಡಿಯ ಕೋಣೆಗೆ ಚಿಲಕ, ವೈ-ಫೈಗೆ ಇಲ್ಲ

2006ರ ಫೆಬ್ರವರಿ. ಚಳಿ ಸರಿದು ಬಿಸಿಲು ಚುರುಕಾಗುತ್ತಿದ್ದ ದಿನಗಳು. ಸೋಮವಾರ ಬೆಳಿಗ್ಗೆ ಎಂಟಕ್ಕೆ, ವಡೋದರದ ಫತೇಗಂಜ್‌ನಲ್ಲಿರುವ ಸಾವಿತ್ರಮ್ಮನ ಉಡುಪಿ ಹೋಟೆಲಿಗೆ ಇಬ್ಬರು ಪೊಲೀಸರು ಬಂದರು. ತಿಂಡಿಗಲ್ಲ. ಹಿಂದಿನ ತಿಂಗಳು ಉತ್ತರಾಯಣದ, ಅಂದರೆ ಸಂಕ್ರಾಂತಿಯ, ದಿನ ಸಂಜೆ ನಾಲ್ಕಕ್ಕೆ ಹಾಸ್ಟೆಲಿನ ಹುಡುಗಿಯೊಬ್ಬಳಿಗೆ ಕೊಳಕು ಇ-ಮೇಲ್ ಹೋಗಿತ್ತು. ಹೋದದ್ದು ಈ ಹೋಟೆಲಿನ ಇಂಟರ್ನೆಟ್ಟಿನಿಂದ.

ಅವತ್ತು ಎಲ್ಲರೂ ಗಾಳಿಪಟ ಹಾರಿಸಲು ತಾರಸಿ ಹತ್ತಿದ್ದರು. ಕೆಳಗೆ ಉಳಿದ ಗಂಡಸು ಅಡುಗೆಯ ಅನಂತರಾಮ ಭಟ್ಟರೊಬ್ಬರೇ. ಊರಿನಲ್ಲಿರುವ ಮಗಳಿಗೆ ಇ-ಮೇಲ್ ಕಳಿಸಲು ದಿನಾ ಹತ್ತು ನಿಮಿಷ ಹೋಟೆಲಿನ ಕಂಪ್ಯೂಟರ್ ಮುಂದೆ ಕೂರುವವರು. ಸಾವಿತ್ರಮ್ಮನ ಮಗ ದಾಮೋದರ ಗಿರಾಕಿಗಳೆದುರೇ ಹೇಳಿಬಿಟ್ಟ: "ಭಟ್ರೇ, ಈ ವಯಸ್ಸಲ್ಲಿ ಇದೆಲ್ಲ ಎಂತಕ್ಕೆ ಬೇಕಿತ್ತು ನಿಮಗೆ?"

ಭಟ್ಟರು ಸೌಟು ಕೆಳಗಿಟ್ಟರು. ಪೊಲೀಸರು ಅವರ ಹೆಸರು ಬರೆದುಕೊಂಡು, ಗುರುವಾರ ಠಾಣೆಗೆ ಬರಲು ಹೇಳಿ ಹೋದರು.

ಸಾವಿತ್ರಮ್ಮ ಓದಿದ್ದು ಮೂರನೇ ತರಗತಿ. ನೆನಪು ಮಾತ್ರ ಗಟ್ಟಿ. "ಅವತ್ತು ಮೂರರಿಂದ ಐದರವರೆಗೆ ಭಟ್ರು ನನ್ನೊಟ್ಟಿಗೆ ಸಾಂಬಾರ್ ಪುಡಿ ಮಾಡ್ತಾ ಇದ್ರು. ಕೋಣೆಗೆ ಒಳಗಿಂದ ಚಿಲಕ. ಅಳತೆ ಹೊರಗೆ ಹೋಗಬಾರದಂತ ಮೂವತ್ತು ವರ್ಷದಿಂದ ಹಾಗೇ ಮಾಡುದು. ಅವರಲ್ಲ ಅಂದ್ರೆ ಅಲ್ಲ."

"ಮತ್ತೆ ಭೂತ ಬಂದು ಕಳಿಸಿತಾ ಅಮ್ಮ?" ಎಂದ ದಾಮೋದರ.

ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ಮನಸ್ವಿನಿ ದಿನಾ ಅಲ್ಲೇ ತಿಂಡಿ ತಿನ್ನುವವಳು. ಕೇಳಿದಳು: "ದಾಮೋದರಣ್ಣ, ನಿಮ್ಮ ವೈ-ಫೈಗೆ ಪಾಸ್‌ವರ್ಡ್ ಉಂಟಾ?"

"ನೀರು ಕೇಳಿದವರಿಗೆ ಇಲ್ಲ ಅಂತೇವಾ? ಇದೂ ಹಾಗೇ."

"ಆ ಕೊಂಬಿನ ಪೆಟ್ಟಿಗೆ ಉಂಟಲ್ಲ, ರೂಟರ್, ಅದರ ಸಿಗ್ನಲ್ ಗೋಡೆ ದಾಟಿ ಬೀದಿಗೂ ಹೋಗ್ತದೆ. ಬೀದಿಯಲ್ಲಿ ಕೂತವನು ಮಾಡಿದ್ದಕ್ಕೂ ಹೆಸರು ನಿಮ್ಮದೇ."

"ಒಳಗೆ ಕಾಲಿಡದೆಯಾ? ಬಿಡು ಮಾರಾಯ್ತಿ."

ಮನಸ್ವಿನಿ ಸಾವಿತ್ರಮ್ಮನನ್ನು ಕರೆದುಕೊಂಡು ರಸ್ತೆಯಾಚೆಯ ಬೇವಿನ ಮರದಡಿ ಕೂತು ತನ್ನ ಲ್ಯಾಪ್‌ಟಾಪ್ ತೆರೆದಳು. ತುಸು ಹೊತ್ತಿಗೆ ಓದತೊಡಗಿದಳು: "ಕೊತ್ತಂಬರಿ ಎರಡು ಕಿಲೋ, ಬ್ಯಾಡಗಿ ಒಂದೂವರೆ, ಮೆಂತೆ ನೂರು ಗ್ರಾಂ..."

ದಾಮೋದರ ಪುಡಿಯ ಅಳತೆಯನ್ನು ಕಂಪ್ಯೂಟರಿನಲ್ಲಿ ಬರೆದಿಟ್ಟಿದ್ದ. ಹೋಟೆಲಿನ ವೈ-ಫೈ ಸಿಕ್ಕವರಿಗೆ ಆ ಫೋಲ್ಡರೂ ತೆರೆದೇ ಇತ್ತು.

ಸಾವಿತ್ರಮ್ಮ ರಸ್ತೆ ದಾಟಿ ನೇರ ಗಲ್ಲಾಪೆಟ್ಟಿಗೆಯ ಬಳಿ ಬಂದರು. "ಚಿಲಕ ಹಾಕಿದ್ದು ನಾನು, ಬೀದಿಗೆ ಡಂಗುರ ಹೊಡೆದದ್ದು ನೀನು. ಮನಸ್ವಿನಿ, ಇದಕ್ಕೆ ಈಗಲೇ ಬೀಗ ಹಾಕು. ಗುರುವಾರ ಠಾಣೆಗೂ ನನ್ನೊಟ್ಟಿಗೆ ಬಾ."

ದಾಮೋದರ ಎದ್ದು ಕಂಪ್ಯೂಟರಿನ ಮುಂದಿನ ಕುರ್ಚಿ ಬಿಟ್ಟುಕೊಟ್ಟ. ಮನಸ್ವಿನಿ ರೂಟರಿನ ಸೆಟ್ಟಿಂಗ್ ತೆರೆಯಲು ಅದರ ಜೊತೆಗೇ ಬಂದಿದ್ದ ಪಾಸ್‌ವರ್ಡ್ ಬದಲಿಸಿದಳು. ವೈ-ಫೈಗೆ ಡಬ್ಲ್ಯೂಪಿಎ ಎಂಬ ಬೀಗ ಹಾಕಿ, ಅಕ್ಷರ ಅಂಕಿ ಬೆರೆಸಿದ ಉದ್ದ ಪಾಸ್‌ವರ್ಡ್ ಕೊಟ್ಟಳು. ಫೋಲ್ಡರ್ ಮುಚ್ಚಿದಳು. "ನೀರು ಕೊಡುವಾ ದಾಮೋದರಣ್ಣ, ಉಗ್ರಾಣದ ಕೀಲಿ ಬೇಡ."

ಗುರುವಾರ ಠಾಣೆಯಲ್ಲಿ ಭಟ್ಟರು ಆ ಹೊತ್ತಿನಲ್ಲಿ ಎಲ್ಲಿದ್ದರೆಂದು ಸಾವಿತ್ರಮ್ಮ ಹೇಳಿದರು, ಮನಸ್ವಿನಿ ವೈ-ಫೈ ವಿಷಯ ಬಿಡಿಸಿ ಹೇಳಿದಳು. ಪೊಲೀಸರು ಭಟ್ಟರ ಹೆಸರು ಹೊಡೆದುಹಾಕಿದರು. ಮೇಲ್ ಕಳಿಸಿದವನು ಸಿಕ್ಕಲಿಲ್ಲ.

"ತಪ್ಪಾಯ್ತು ಭಟ್ರೇ," ಎಂದ ದಾಮೋದರ.

"ಸಿಟ್ಟಿಲ್ಲ ದಾಮು. ಆದರೆ ಅಷ್ಟು ಜನರೆದುರು ಕೇಳಿದೆಯಲ್ಲ."

ಓದುವವರೇ, ನಿಮ್ಮ ಮನೆಯಲ್ಲೂ ಅಂಥ ವೈ-ಫೈ ಪೆಟ್ಟಿಗೆ ಇದ್ದರೆ ಇವತ್ತೇ ಪಾಸ್‌ವರ್ಡ್ ಹಾಕಿ. ಗೊತ್ತಿಲ್ಲದಿದ್ದರೆ ಗೊತ್ತಿದ್ದವರನ್ನು ಕರೆಯಿರಿ, ನಾಚಿಕೆ ಬೇಡ. ಸಾವಿತ್ರಮ್ಮನ ವೈ-ಫೈಗೆ ಬೀಗ ಬಿದ್ದದ್ದು ಸೋಮವಾರ. ಇಪ್ಪತ್ತೆರಡು ವರ್ಷ ಅಡುಗೆ ಮಾಡಿದ ಅನಂತರಾಮ ಭಟ್ಟರು ಕೆಲಸ ಬಿಟ್ಟು ಊರಿಗೆ ಹೊರಟುಹೋದದ್ದು ಶುಕ್ರವಾರ.