ಕಂಪ್ಲಿ ಮಿಲ್ಲಿನ ಸರ್ವರ್

ಕಂಪ್ಯೂಟರ್ ಕೆಟ್ಟಾಗ ಜನ ಡಾಕ್ಟರನ್ನು ಕರೆದ ಹಾಗೆ ನನ್ನನ್ನು ಕರೆಸುತ್ತಾರೆ. ಬಂದ ಮೇಲೆ ರೋಗ ಏನೆಂದು ಅವರೇ ನನಗೆ ಹೇಳುತ್ತಾರೆ. ತೊಂಬತ್ತೇಳರ ಸುಗ್ಗಿಯಲ್ಲಂತೂ ಹೊಸಪೇಟೆಯಿಂದ ಕಂಪ್ಲಿಗೆ ಹೋಗುವ ಬಸ್ಸಿನಲ್ಲಿ ನಾನು ಕೂತಷ್ಟು ಅದರ ಕಂಡಕ್ಟರನೂ ಕೂತಿರಲಿಕ್ಕಿಲ್ಲ. ಬುಕ್ಕಸಾಗರ ಬರುವಷ್ಟರಲ್ಲಿ ತೂಕಡಿಕೆ, ಕಂಪ್ಲಿಯಲ್ಲಿ ಇಳಿಯುವಷ್ಟರಲ್ಲಿ ಸೊಂಟನೋವು. ಎರಡೂ ಕಡೆ ಕಾಲುವೆ ನೀರು ತುಂಬಿ ಹರಿಯುತ್ತಿತ್ತು, ಗದ್ದೆ ಹೊಂಬಣ್ಣಕ್ಕೆ ತಿರುಗಿತ್ತು ಎಂದೆಲ್ಲ ಜನ ಹೇಳುತ್ತಿದ್ದರು. ನಾನು ನೋಡಲಿಲ್ಲ.

ಸಾವ್ಕಾರ್ ಕೊಟ್ರಯ್ಯನವರದು ಮೂರು ಊರಿನ ವ್ಯವಹಾರ. ಕಂಪ್ಲಿಯಲ್ಲಿ ಅಕ್ಕಿ ಗಿರಣಿ, ಹೊಸಪೇಟೆಯಲ್ಲಿ ಲಾರಿ ಆಫೀಸು, ಸಂಡೂರಿನಲ್ಲಿ ಅದಿರು ತುಂಬುವ ಪ್ಲಾಟು. ಮೂರೂ ಕಡೆ ಒಂದೊಂದು ಸರ್ವರ್ ಇಟ್ಟು, ಟೆಲಿಫೋನ್ ಇಲಾಖೆಯಿಂದ ಲೈನು ಹಿಡಿದು ಜೋಡಿಸಿದವನು ನಾನೇ. ಒಂದು ಕಡೆ ಬರೆದ ಫೈಲು ಉಳಿದೆರಡು ಕಡೆಗೂ ತಾನಾಗಿ ನಕಲಾಗುತ್ತದೆ. ಒಂದು ಮೆಷಿನ್ನು ಸುಟ್ಟುಹೋದರೂ ಲೆಕ್ಕ ಉಳಿಯಬೇಕು, ಕೆಲಸವನ್ನು ಮೂರೂ ಹಂಚಿಕೊಂಡು ಮಾಡಬೇಕು ಎಂಬುದು ನನ್ನ ಯೋಜನೆ. ಮನೆಯಲ್ಲಿ ಮೂವರು ಸೊಸೆಯಂದಿರಿದ್ದರೆ ಕೆಲಸ ಹಗುರವಾಗುತ್ತದೆ ಎಂದು ನಂಬಿದ ಅತ್ತೆಯ ಹಾಗೆ ನಾನೂ ನಂಬಿದ್ದೆ.

ಕಂಪ್ಲಿಯದು ದಿನಕ್ಕೊಮ್ಮೆ ಉಸಿರುಗಟ್ಟತೊಡಗಿತು. ಇದ್ದಕ್ಕಿದ್ದಂತೆ ಅದರ ಮೇಲಿನ ಲೋಡು, ಅಂದರೆ ಕೆಲಸದ ಭಾರ, ನೆತ್ತಿಗೇರುತ್ತಿತ್ತು. ಪರದೆಗಳೆಲ್ಲ ಸ್ತಬ್ಧ. ಒಂದು ಬಿಲ್ಲೂ ಹೊರಗೆ ಬಾರದೆ ಗೇಟಿನಲ್ಲಿ ಲಾರಿಗಳು ಸಾಲುಗಟ್ಟಿ ಹಾರನ್ನು ಹೊಡೆಯುತ್ತಿದ್ದವು. ಸ್ವಲ್ಪ ಹೊತ್ತು ಕಳೆದರೆ ಏನೂ ಆಗಿಲ್ಲವೆಂಬಂತೆ ಮತ್ತೆ ಸರಿಹೋಗುತ್ತಿತ್ತು. ಅದಕ್ಕೊಂದು ಹೊತ್ತಾದರೂ ಇತ್ತೇ? ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಕೈಕೊಟ್ಟರೆ ಮಂಗಳವಾರ ಸಂಜೆಯ ಹೊತ್ತಿಗೆ, ಬುಧವಾರ ಊಟದ ಹೊತ್ತಿಗೆ. ಹೊತ್ತು ಗೊತ್ತಿಲ್ಲದ ರೋಗಕ್ಕೆ ಮದ್ದು ಹುಡುಕುವುದು ಹೇಗೆ?

ಮಿಲ್ಲಿನ ಗುಮಾಸ್ತ ಅಂದಾನಪ್ಪನಿಗೆ ಮಾತ್ರ ಮದ್ದು ಗೊತ್ತಿತ್ತು.

"ವಿರುಪಮ್ಮ ಬಂದ್ ಮ್ಯಾಲೇ ಇದು ಶುರುವಾಗಿದ್ದು ನೋಡ್ರಿ. ಗಂಡನ್ನ ಕಳಕೊಂಡಾಕಿ. ಕಾಲ್ಗುಣ ಅಂಬೋದು ಒಂದೈತಿ. ನೀವು ಓದಿದವ್ರು, ನಂಬಾಂಗಿಲ್ಲ ಬಿಡ್ರಿ."

ವಿರುಪಮ್ಮ ಕಂಪ್ಲಿ ಸರ್ವರಿನ ಪಕ್ಕದಲ್ಲೇ ಕೂತು ಬಿಲ್ಲು ಟೈಪು ಮಾಡುವ ಹೆಂಗಸು. ಆಕೆಯ ಗಂಡ ಇದೇ ಮಿಲ್ಲಿನಲ್ಲಿ ಭತ್ತ ತೂಗುತ್ತಿದ್ದವನು, ಕಾಮಾಲೆಯಾಗಿ ತೀರಿಕೊಂಡ. ಸಾವ್ಕಾರ್ರು ಕನಿಕರಪಟ್ಟು ಆಕೆಗೆ ಕೆಲಸ ಕೊಟ್ಟಿದ್ದರು. ಮಗಳು ಪಂಪಾವತಿಗೆ ಬಳ್ಳಾರಿಯಲ್ಲಿ ನರ್ಸಿಂಗ್ ತರಬೇತಿಗೆ ಸೀಟು ಸಿಕ್ಕಿತ್ತು. ಈ ಸಂಬಳ ನಿಂತರೆ ಆ ಸೀಟೂ ಹೋಯಿತು ಎಂದೇ ಲೆಕ್ಕ.

ಸಾವ್ಕಾರ್ರು ನನ್ನನ್ನು ತಮ್ಮ ಗಾದಿಯ ಹತ್ತಿರ ಕರೆದು ಹೇಳಿದರು, "ಈ ಶನಿವಾರದ ತನಕ ನೋಡ್ತೀನ್ರಿ ಮರುಳಸಿದ್ದಪ್ಪ. ಅಷ್ಟೊತ್ತಿಗೆ ಸರಿಯಾಗ್ಲಿಲ್ಲಂದ್ರ ಆಕೀನ ಬಿಡಿಸಿ ಬ್ಯಾರೇದವ್ರನ್ನ ಕುಂದ್ರಸ್ತೀನಿ. ಪಾಪ ಅನ್ನಸ್ತೈತಿ, ಆದ್ರ ವ್ಯಾಪಾರ ಕೇಳಬೇಕಲ್ಲ."

ನನಗೆ ಉರಿದುಹೋಯಿತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ಕುಣಿಯಲಾರದವನು ನಾನು, ಡೊಂಕೆನಿಸಿಕೊಂಡವಳು ವಿರುಪಮ್ಮ. ಮೆಷಿನ್ನಿನ ರೋಗ ಹಿಡಿಯುವುದು ನನ್ನ ಕೆಲಸವಾಗಿತ್ತು.

ಮಾಡದ್ದೇನಿದೆ? ತೌಡಿನ ಧೂಳು ತುಂಬಿ ಫ್ಯಾನು ತಿರುಗುತ್ತಿಲ್ಲವೇನೋ ಎಂದು ಬಿಚ್ಚಿ ಊದಿದೆ. ಮೆಮೊರಿ ಬದಲಿಸಿದೆ. ಡಿಸ್ಕು ಪರೀಕ್ಷಿಸಿದೆ. ಮಿಲ್ಲಿನ ಮೋಟಾರು ಚಾಲೂ ಆದಾಗ ಕರೆಂಟು ಕುಸಿಯುತ್ತದೆಯೇ ಎಂದು ಮೀಟರು ಹಿಡಿದು ಕೂತೆ. ವೈರಸ್ ಹುಡುಕಿದೆ. ಟೆಲಿಫೋನಿನವರ ಕಾಲು ಹಿಡಿದು ಲೈನು ನೋಡಿಸಿದೆ. ಎಲ್ಲ ಸರಿಯಾಗಿಯೇ ಇತ್ತು, ಲೋಡು ಮಾತ್ರ ಏರುತ್ತಲೇ ಇತ್ತು. ಮಂಗಳವಾರ ಅಂದಾನಪ್ಪನ ಬಾಯಿ ಮುಚ್ಚಿಸಲೆಂದೇ ವಿರುಪಮ್ಮನನ್ನು ಎಬ್ಬಿಸಿ ಹೊರಗಿನ ಬೆಂಚಿನ ಮೇಲೆ ಕೂರಿಸಿದೆ. ಸಂಜೆ ಸರ್ವರ್ ಎಂದಿನಂತೆ ಬಿದ್ದುಕೊಂಡಿತು.

"ಈಗೇನಂತೀರಿ?" ಎಂದೆ.

"ಕಾಂಪೌಂಡಿನ್ಯಾಗ ಇದ್ದಳಲ್ರಿ ಮತ್ತ," ಎಂದ ಅಂದಾನಪ್ಪ.

ಗುರುವಾರ ಮಧ್ಯಾಹ್ನದ ಹೊತ್ತಿಗೆ ನನಗೆ ಸಾಕಾಗಿತ್ತು. ಪರದೆ ನೋಡಿ ನೋಡಿ ಕಣ್ಣು ಉರಿ, ತಲೆ ಭಾರ. ಹಾಳಾಗಿ ಹೋಗಲಿ ಎಂದು ಅಂಗಳಕ್ಕೆ ಬಂದು ಬೇವಿನ ನೆರಳಲ್ಲಿ ಭತ್ತದ ಚೀಲಗಳ ಮೇಲೆ ಕೂತೆ. ಅಷ್ಟು ದಿನಗಳಲ್ಲಿ ಆ ಹೊತ್ತಿಗೆ ನಾನು ಹೊರಗೆ ಕೂತದ್ದು ಅದೇ ಮೊದಲು. ಲಾರಿಗಳು ತುಂಬಿ, ತಾಡಪತ್ರಿ ಬಿಗಿದುಕೊಂಡು ನಿಂತಿದ್ದವು. ಡ್ರೈವರುಗಳು ಟೈರಿಗೆ ಒರಗಿ ಬೀಡಿ ಸೇದುತ್ತಿದ್ದರು. ಕಿಟಕಿಯಲ್ಲಿ ಕಾಣುವ ಗುಮಾಸ್ತರು ಕೈಕಟ್ಟಿ ಕೂತಿದ್ದರು. ಸರ್ವರ್ ಆಗ ಚೆನ್ನಾಗಿಯೇ ಇತ್ತು, ಆದರೂ ಒಬ್ಬನೂ ಬಿಲ್ಲು ಹಾಕುತ್ತಿರಲಿಲ್ಲ. ಮಿಲ್ಲಿನ ಗಡಿಯಾರ ಮೂರು ಹೊಡೆಯಿತು. ಶಾಲೆಯ ಗಂಟೆ ಕೇಳಿದ ಮಕ್ಕಳಂತೆ ಎಲ್ಲರೂ ಒಟ್ಟಿಗೆ ಎದ್ದರು. ಡ್ರೈವರುಗಳು ಕಿಟಕಿಗೆ ಮುಗಿಬಿದ್ದರು, ಗುಮಾಸ್ತರು ಕೀಬೋರ್ಡಿಗೆ ಬಿದ್ದರು. ಮರುಕ್ಷಣವೇ ಒಳಗಿನಿಂದ ಕೂಗು ಕೇಳಿಸಿತು, "ಸಾರ್, ಮತ್ತ ನಿಂತ್ರಿ!"

ಗುರುವಾರ, ಒಂದೂವರೆಯಿಂದ ಮೂರು. ಇದನ್ನು ಯಾರೂ ನನಗೆ ಹೇಳಿಕೊಡಬೇಕಿರಲಿಲ್ಲ. ಸೋಮವಾರ ಒಂಬತ್ತು, ಮಂಗಳವಾರ ನಾಲ್ಕೂವರೆ, ಬುಧವಾರ ಒಂದೂವರೆ. ನನ್ನ ಹೆಂಡತಿ ಊರಿಗೆ ಹೊರಡುವುದೂ ಇದನ್ನು ನೋಡಿಯೇ. ಹೊತ್ತಿಲ್ಲದ ರೋಗವಲ್ಲ ಅದು, ಪಂಚಾಂಗ ಹಿಡಿದುಕೊಂಡು ಬರುವ ರೋಗ.

ಸಂಡೂರಿಗೆ ಫೋನು ಹಚ್ಚಿದೆ. "ಈಗೇನು ಮಾಡಾಕತ್ತೀರಿ?"

"ಬಿಲ್ಲು ಹಾಕಾಕತ್ತೀವ್ರಿ ಸರ್. ಈಗ ರಾಹುಕಾಲ ಮುಗೀತಲ್ಲ."

ಹೊಸಪೇಟೆಯವರೂ ಅದನ್ನೇ ಹೇಳಿದರು. ಮೂರು ಊರಿನ ಜನ ಒಂದೂವರೆ ತಾಸು ಕೈಕಟ್ಟಿ ಕೂತು, ಅದು ಮುಗಿದ ಕೂಡಲೇ ಎಲ್ಲ ಬಿಲ್ಲುಗಳನ್ನೂ ಒಮ್ಮೆಲೇ ಬರೆದರೆ, ಮೂರು ಸರ್ವರುಗಳೂ ತಮ್ಮದನ್ನು ಬರೆದುಕೊಂಡು ಪರಸ್ಪರ ನಕಲು ಕಳಿಸಬೇಕು. ಅವುಗಳಲ್ಲಿ ಹಳೆಯದು ಕಂಪ್ಲಿಯದು. ಎರಡೂರಿನ ಭಾರವನ್ನು ಹೇಗೋ ತಡೆದುಕೊಂಡಿತ್ತು. ಕೊನೆಯದಾಗಿ ಸಂಡೂರನ್ನೂ ನಾನು ಜೋಡಿಸಿದ ಮೇಲೆ ಅದರ ಕೈಲಾಗಲಿಲ್ಲ. ವಿರುಪಮ್ಮ ಕೆಲಸಕ್ಕೆ ಸೇರಿದ್ದೂ ಅದೇ ತಿಂಗಳು, ಅಷ್ಟೇ.

ನಾನು ನಗುತ್ತಲೇ ಹೋಗಿ ಸಾವ್ಕಾರ್ರಿಗೆ ಹೇಳಿದೆ. ಅವರು ನಗಲಿಲ್ಲ.

"ಹಂಗಂತ ರಾಹುಕಾಲದಾಗ ಬಿಲ್ಲು ಹರೀರಿ ಅಂತ ಹೆಂಗ ಹೇಳ್ಲಿ? ನಮ್ಮಪ್ಪನ ಕಾಲದಿಂದ ಇಲ್ಲ ಅದು."

"ಹರಿಯೋದು ಬ್ಯಾಡ್ರಿ. ಆ ಹೊತ್ತಿನ್ಯಾಗ ಒಂದೊಂದ ಟೈಪು ಮಾಡಿ ಮೆಷಿನ್ನಿನ್ಯಾಗ ಇಟ್ಟಿರಲಿ. ಕಾಗದ ಕೈಗೆ ಕೊಡೋದು ರಾಹುಕಾಲ ಮುಗದ ಮ್ಯಾಲೆ. ಆಗ ಲೋಡು ಬೀಳಾಂಗಿಲ್ಲ."

ಅವರು ಗಡ್ಡ ಕೆರೆದುಕೊಂಡರು. ಕಾಗದ ಹೊರಡುವುದು ಒಳ್ಳೆಯ ಹೊತ್ತಿನಲ್ಲಿ ಎಂಬುದು ಅವರಿಗೆ ಒಪ್ಪಿಗೆಯಾಯಿತು. ಆದರೆ ಟೈಪು ಮಾಡುವವರು ಯಾರು? ಗುಮಾಸ್ತರನ್ನು ಸಾಲಾಗಿ ಕರೆಸಿದರು. ಒಬ್ಬನಿಗೆ ಮಗಳ ಮದುವೆ ಮಾತು ನಡೆದಿತ್ತು, ಮತ್ತೊಬ್ಬನ ಹೆಂಡತಿ ಬಸುರಿ. ಅಂದಾನಪ್ಪ ತನಗೆ ಮೊದಲೇ ಶನಿ ನಡೆದಿದೆ ಎಂದ.

ಬಾಗಿಲ ಹತ್ತಿರ ನಿಂತಿದ್ದ ವಿರುಪಮ್ಮ, "ನಾ ಮಾಡ್ತೀನ್ರಿ ಸಾವ್ಕಾರ್ರ," ಎಂದಳು. "ರಾಹು ನನ್ನಿಂದ ಒಯ್ಯೋದನ್ನ ಒಯ್ದಾನ. ಇನ್ನೇನು ಉಳದೈತ್ರಿ ನನ್ನ ಹತ್ರ?"

"ಅದೂ ಖರೇ ಐತಿ ನೋಡ್ರಿ," ಎಂದರು ಸಾವ್ಕಾರ್ರು ನನ್ನ ಕಡೆ ತಿರುಗಿ, ಆಕೆಯ ಎದುರಿಗೇ. "ಆಗಬಾರದ್ದೆಲ್ಲ ಆಗಿಬಿಟ್ಟೈತಿ. ಆಕೀಗೆ ಇನ್ನೇನಾಗೋದೈತಿ?"

ನನಗೆ ಆ ಮಾತು ಚುಚ್ಚಿತು. ಆದರೂ ಬಾಯಿ ಬಿಡಲಿಲ್ಲ. ಶನಿವಾರ ಹತ್ತಿರವಿತ್ತು, ಆಕೆಯ ಕೆಲಸ ಉಳಿದಿತ್ತು, ನನಗೂ ಮನೆಗೆ ಹೋಗಿ ಮಲಗಿದರೆ ಸಾಕಾಗಿತ್ತು.

ವಾರ ಕಳೆದು ಶುಕ್ರವಾರ ಬೆಳಿಗ್ಗೆ ಎಲ್ಲ ಹೇಗಿದೆ ಎಂದು ನೋಡಲು ಹೋದೆ. ಕಂಪ್ಲಿಯ ಲೋಡು ನೆಲ ಬಿಟ್ಟು ಏಳುತ್ತಿರಲಿಲ್ಲ. ಅಂದಾನಪ್ಪ ನನಗೆ ಚಹಾ ತರಿಸಿ, "ಆಕಿ ಕಾಲ್ಗುಣ ಭಾಳ ಚಲೋ ಐತ್ರಿ," ಎಂದ. ಅವನ ಜೊತೆ ಜಗಳಕ್ಕೆ ನನ್ನಲ್ಲಿ ಕಸುವಿರಲಿಲ್ಲ.

ಹತ್ತೂವರೆ ದಾಟಿ ರಾಹುಕಾಲ ಶುರುವಾಗಿತ್ತು. ಎಲ್ಲರೂ ಕೈಕಟ್ಟಿ ಕೂತಿದ್ದರು. ವಿರುಪಮ್ಮ ಒಬ್ಬಳೇ ಕಿವಿಗೂ ಹೆಗಲಿಗೂ ನಡುವೆ ಫೋನು ಸಿಕ್ಕಿಸಿಕೊಂಡು ಟೈಪು ಮಾಡುತ್ತಿದ್ದಳು. ಸಂಡೂರಿನವರು ತಮ್ಮ ಲಾರಿ ನಂಬರು ಓದಿ ಹೇಳುತ್ತಿದ್ದರು, ಹೊಸಪೇಟೆಯವರು ಕಾದಿದ್ದರು. ಮೂರು ಊರಿನವರು ಮುಟ್ಟಲು ಹೆದರಿದ್ದೆಲ್ಲ ಈಗ ಆ ಹೊತ್ತಿಗೆ ಆಕೆಯ ಮೇಜಿಗೇ ಬಂದು ಬೀಳುತ್ತಿತ್ತು. ದಾರಿ ತೋರಿಸಿದವನು ನಾನೇ.

ಹೊರಗಿನ ಬೆಂಚಿನ ಮೇಲೆ ಟ್ರಂಕು ಇಟ್ಟುಕೊಂಡು ಒಬ್ಬಳು ಹುಡುಗಿ ಕೂತಿದ್ದಳು. ಎಣ್ಣೆ ಹಚ್ಚಿ ಬಾಚಿದ ತಲೆ, ಹೊಸ ಚಪ್ಪಲಿ. ಪಂಪಾವತಿಯೇ ಇರಬೇಕು ಎಂದುಕೊಂಡೆ. ಗೇಟಿನಾಚೆ ಬಳ್ಳಾರಿ ಬಸ್ಸು ಬಂದು ನಿಂತು, ಕಂಡಕ್ಟರ್ ಕೂಗಿ ಕರೆಯುತ್ತಿದ್ದ. ಹುಡುಗಿ ಎದ್ದು ನಿಂತು ಕಿಟಕಿಯ ಕಡೆ ನೋಡಿದಳು.

ನಾನು ಒಳಗೆ ಹೋಗಿ, "ವಿರುಪಮ್ಮ, ಬಸ್ಸು ಹೊಂಟೈತ್ರಿ. ಮಗಳು ಇವತ್ತ ಹಾಸ್ಟೆಲ್ ಸೇರಬೇಕಲ್ಲ? ಹತ್ತಿಸಿ ಬರ್ರಿ, ಫೋನು ನಾ ಹಿಡೀತೀನಿ," ಎಂದೆ.

ಆಕೆ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಕಿಟಕಿಯ ಕಡೆಗೆ ಒಂದು ಕೈ ಎತ್ತಿ, ಕೂತಿರು ಎಂದು ಮಗಳಿಗೆ ಸನ್ನೆ ಮಾಡಿದಳು. ಹುಡುಗಿ ಮತ್ತೆ ಟ್ರಂಕಿನ ಪಕ್ಕ ಕೂತಳು.

"ಈ ಬಸ್ಸಿಗೆ ಬ್ಯಾಡ್ರಿ ಸಾರ್," ಎಂದಳು ವಿರುಪಮ್ಮ ಮೆಲ್ಲಗೆ, ಫೋನಿನ ಬಾಯಿಗೆ ಅಂಗೈ ಅಡ್ಡ ಹಿಡಿದು. "ಹನ್ನೆರಡು ಹೊಡೀಲಿ, ಆಮ್ಯಾಲೆ ಹೊಂಟಾಳ. ನನಗ ಇರಾಕಿ ಆಕಿ ಒಬ್ಬಾಕೇ ಅಲ್ಲೇನ್ರಿ."

ಬಸ್ಸು ಹೊರಟುಹೋಯಿತು. ಆಕೆ ಅಂಗೈ ತೆಗೆದು, "ಹೇಳ್ರಿ ಸಂಡೂರು, ಮುಂದಿನ ಲಾರಿ ಯಾವ್ದು?" ಎಂದಳು.