ಹನ್ನೊಂದು ಮೈಲಿ ಖಾಲಿ

“ಎರಡನೇ ಸಲನೂ ವಾಪಸ್ ಕಳ್ಸಿದಾರೆ ಮಾವ!” ಭವ್ಯಾ ಮೌಸನ್ನು ಟಪ್ಪೆಂದು ಮೇಜಿಗೆ ಕುಕ್ಕಿದಳು.

ತೀರ್ಥಹಳ್ಳಿಯ ಅವಳ ಜೆರಾಕ್ಸ್ ಅಂಗಡಿಯಲ್ಲಿ ಮಧ್ಯಾಹ್ನ ಗಿರಾಕಿಗಳು ಕಡಿಮೆ. ಆಗೆಲ್ಲ ಅವಳು ಕಂಪ್ಯೂಟರ್ ಆಟದಲ್ಲಿ ರೈಲು ಓಡಿಸುತ್ತಾಳೆ. ಹುಟ್ಟಿದ್ದು ಹೊಸನಗರ, ಸೇರಿದ್ದು ತೀರ್ಥಹಳ್ಳಿ. ಎರಡೂ ಊರಿಗೆ ರೈಲಿನ ಗಾಳಿಯೂ ಸೋಕಿಲ್ಲ. ಆದರೂ ಅಮೆರಿಕದ ಕೊಲರಾಡೊ ಬೆಟ್ಟಗಳಲ್ಲಿ ಎಂದೋ ಮುಚ್ಚಿಹೋದ ಹಳೇ ರೈಲು ಲೈನೊಂದು ಅವಳ ತಲೆಗೆ ಹತ್ತಿಬಿಟ್ಟಿತ್ತು. ಆಟಕ್ಕೆ ಯಾವ ಹಳೇ ಲೈನು ಸೇರಿಸೋಣ ಎಂದು ಆಟದ ಕಂಪನಿಯವರು ಕೇಳಿದ್ದೇ ತಡ, ಫೋಟೊ, ನಕ್ಷೆ ಎಲ್ಲ ಕಲೆಹಾಕಿ ಕಳಿಸಿದ್ದಳು. ಇವತ್ತು ಸಂಜೆ ಐದಕ್ಕೆ ಗಡುವು ಮುಗಿಯುತ್ತಿತ್ತು.

“ಎಂಥದಂತೆ ತಕರಾರು?” ಎಂದರು ಮಾಸ್ತಪ್ಪ. ಸಾಗರ–ತಾಳಗುಪ್ಪ ನಡುವೆ ಮೂವತ್ತೆರಡು ವರ್ಷ ಕೀಮ್ಯಾನ್ ಆಗಿ ಹಳಿ ಕಾಯುತ್ತ ನಡೆದವರು. ಸೊಸೆಯ ಮನೆಗೆ ತಾವು ಬಂದು ವಾರವಾದರೂ “ಹ್ಞೂಂ”, “ಊಟ ಆತು” ಬಿಟ್ಟು ಹೆಚ್ಚು ಮಾತಾಡಿರಲಿಲ್ಲ.

“ಎರಡು ಸ್ಟೇಷನ್ ಮಧ್ಯೆ ಹನ್ನೊಂದು ಮೈಲಿ ಖಾಲಿಯಂತೆ. ಅಲ್ಲಿ ಆಡೋರು ಏನು ಮಾಡ್ಬೇಕು ಅಂತ ಕೇಳ್ತಾರೆ.”

ಆಧಾರ್ ಜೆರಾಕ್ಸಿಗೆ ಬಂದಿದ್ದ ಪಕ್ಕದ ಬೀದಿಯ ಯಮುನಮ್ಮ ಇಣುಕಿ ನೋಡಿ, “ಎಲೆಕ್ಷನ್ ಬಂದಾಗಲೆಲ್ಲ ರೈಲು ತರ್ತೀವಿ ಅಂತಿದ್ರು. ಕೊನೆಗೂ ನಿನ್ನ ಅಂಗಡಿಗೆ ಬಂತಲ್ಲೇ ಮಾರಾಯ್ತಿ!” ಎಂದು ನಗುತ್ತ ಹೋದರು.

ಮಾಸ್ತಪ್ಪ ನಗಲಿಲ್ಲ. ಕನ್ನಡಕ ಏರಿಸಿ ಪರದೆಯ ಮೇಲಿದ್ದ ಹಳೇ ಫೋಟೊ ಹತ್ತಿರ ಬಗ್ಗಿ, ಹಳಿ ಪಕ್ಕದ ಸಣ್ಣ ಕಟ್ಟಡವೊಂದರ ಮೇಲೆ ಬೆರಳಿಟ್ಟರು.

“ಇದೆಂಥದು?”

“ದನದ ಕೊಟ್ಟಿಗೆ ಇರ್ಬೇಕು.”

“ಕೊಟ್ಟಿಗೆಗೆ ಯಾರಾದ್ರೂ ಹೊಗೆಗೂಡು ಕಟ್ತಾರಾ? ಹೋಗೋ ದಾರಿ ಎಲ್ಲೈತೆ ತೋರ್ಸು. ಇಲ್ಲ. ಹಳಿ ಮೇಲೇ ಓಡಾಟ. ಪಕ್ಕದಲ್ಲಿ ಹಳಿ ಕೆಳಗೆ ಹಾಕೋ ಸ್ಲೀಪರ್ ರಾಶಿ. ಇದು ಹಳಿ ನೋಡ್ಕಳೋ ಗ್ಯಾಂಗಿನೋರ ಮನೆ ಮಗಾ. ಖಾಲಿಯಂತೆ, ಖಾಲಿ!”

ಅವರ ದನಿ ಏರಿದ್ದನ್ನು ಭವ್ಯಾ ಮೊದಲ ಸಲ ಕೇಳಿದಳು.

“ಬೆಳಿಗ್ಗೆ ಮೊದಲ್ನೇ ಗಾಡಿಗಿಂತ ಮುಂಚೆ ಸುತ್ತಿಗೆ, ಸ್ಪ್ಯಾನರ್ ಹಿಡ್ಕಂಡು ಹೊರಡದು. ಹಳಿ ಹಿಡಿದಿರೋ ಕೀ ಸಡ್ಲಾಗಿದ್ರೆ ಬಡಿಯದು, ಬೋಲ್ಟು ಬಿಗಿ ಮಾಡದು. ಸೀಟಿ ಕೇಳಿದ್ರೆ ಸಾಮಾನು ಎತ್ಕಂಡು ಗಾಡಿ ದಾಟೋ ತನಕ ಪಕ್ಕಕ್ಕೆ ನಿಲ್ಲದು. ಮಳೆಗೆ ಧರೆ ಕುಸಿದ್ರೆ ಓಡ್ಹೋಗಿ ಕೆಂಪು ಬಾವುಟ ಹಿಡಿಯದು. ಗಾಡಿ ಡ್ರೈವರಿಗೆ ನಡುವಲ್ಲಿ ನಾವೇ ಸ್ಟೇಷನ್ನು.”

“ನಿಧಾನ ಮಾವ, ಟೈಪ್ ಮಾಡ್ತಿದೀನಿ.”

ಉಳಿದ ಫೋಟೊಗಳಲ್ಲಿ ಹುಡುಕಿದಾಗ ಅಂಥವೇ ಇನ್ನೂ ಮೂರು ಮನೆ ಸಿಕ್ಕವು. ಹಳಿ ಮೇಲೆ ನಡೆಯುವವರನ್ನು ಗಮನಿಸಬೇಕು, ಕೆಂಪು ಬಾವುಟ ಕಂಡಲ್ಲಿ ನಿಲ್ಲಿಸಬೇಕು, ಹನ್ನೊಂದು ಮೈಲಿಯಲ್ಲಿ ಆಡುವವರಿಗೆ ಇಷ್ಟು ಕೆಲಸ ಎಂದು ಇಂಗ್ಲಿಷಿನಲ್ಲಿ ಬರೆದು ಕನ್ನಡದಲ್ಲಿ ಓದಿ ಹೇಳಿದಳು.

“ನಡೆಯೋನಿಗೆ ನಿಮ್ಮ ಹೆಸ್ರೇ ಇಡ್ಲಾ? ಅಮೆರಿಕದಲ್ಲೊಬ್ಬ ಮಾಸ್ತಪ್ಪ ಇರ್ಲಿ.”

ಮಾಸ್ತಪ್ಪ ತಲೆ ಅಲ್ಲಾಡಿಸಿದರು. “ಬ್ಯಾಡ. ಅಷ್ಟು ವರ್ಷದಲ್ಲಿ ಒಬ್ಬ ಡ್ರೈವರೂ ನನ್ನ ಹೆಸ್ರು ಕೇಳ್ಲಿಲ್ಲ. ಹಳಿ ಮೇಲೆ ನಡೆಯೋನು ಗಾಡಿಗೆ ಕೈ ಎತ್ತಲಿ, ಸಾಕು. ಡ್ರೈವರೂ ಎತ್ಬೇಕು ಮತ್ತೆ. ಅದನ್ನ ಮರೀದೆ ಬರಿ.”

ಬರೆದಳು. ಐದಕ್ಕೆ ಹತ್ತು ನಿಮಿಷ ಇರುವಾಗ ಕಳಿಸಿದಳು. ಒಪ್ಪುತ್ತಾರೋ ಬಿಡುತ್ತಾರೋ, ತಿಳಿಯಲು ತಿಂಗಳು ಬೇಕು.

ಕೈ ಸುಮ್ಮನಿರದೆ ಆಟದಲ್ಲಿದ್ದ ಬೇರೊಂದು ಗೂಡ್ಸ್ ಗಾಡಿ ಹೊರಡಿಸಿದಳು. ತಿರುವು ಬಂತು; ಉದ್ದಕ್ಕೆ ಸೀಟಿ ಹೊಡೆದಳು.

ಮಾಸ್ತಪ್ಪ ಎದ್ದರು. ಕುರ್ಚಿಯನ್ನು ಎತ್ತಿ ಪಕ್ಕಕ್ಕಿಟ್ಟು ಗೋಡೆಗೆ ಬೆನ್ನೊತ್ತಿ ನಿಂತರು. ಕೊನೆಯ ಡಬ್ಬಿ ಪರದೆ ದಾಟಿ ಹೋಗುವ ತನಕ ಹಾಗೇ ನಿಂತಿದ್ದರು.